ಖಂಡೇನವಮಿಗೆ ಮುನ್ನ ಡೇರೆಗಳ ತಪಾಸಣೆ

28 ಸೆಪ್ಟೆಂಬರ್ 2025, ಭಾನುವಾರ
ಬೆಳಗಾವಿ

ದೀಪಾವಳಿಯ ರಜೆಗೆ ಡೇರೆ ಸಿಗುತ್ತದೆಯೇ ಎಂದು ಕೇಳುವ ಫೋನುಗಳು ಆಗಲೇ ಶುರುವಾಗಿವೆ. ಬುಧವಾರ ಖಂಡೇನವಮಿ, ಅಂದರೆ ಆಯುಧಪೂಜೆ ಇರುವುದರಿಂದ, ಪೂಜೆಯ ನೆಪದಲ್ಲಾದರೂ ನಮ್ಮ ಚಾರಣ ಬಳಗದ ಬಾಡಿಗೆ ಸಾಮಾನುಗಳನ್ನೆಲ್ಲ ಒಮ್ಮೆ ಹೊರತೆಗೆದು ನೋಡಿಬಿಡೋಣವೆಂದು ನಾವು ಕೆಲವರು ಇಂದು ಬೆಳಿಗ್ಗೆ ಟಿಳಕವಾಡಿಯ ಕೋಣೆಯಲ್ಲಿ ಸೇರಿದೆವು. ಗೋಡೆಯ ಸುಣ್ಣವೇ ಉಬ್ಬಿ ಉದುರುವಷ್ಟು ಮಳೆ ಹಿಡಿಯುವ ಈ ಊರಿನಲ್ಲಿ, ಜೂನ್‌ನಿಂದ ಮಡಿಚಿಟ್ಟ ಡೇರೆಗಳ ಗತಿ ಏನಾಗಿದೆಯೋ ಎಂಬ ಅಂಜಿಕೆ ಎಲ್ಲರಿಗೂ ಇತ್ತು. ಬಿಸಿಲನ್ನು ನಂಬುವಂತಿರಲಿಲ್ಲವಾದ್ದರಿಂದ ಪಡಸಾಲೆಯ ಉದ್ದಕ್ಕೂ ಹಗ್ಗ ಕಟ್ಟಿ, ಫ್ಯಾನು ಹಚ್ಚಿ, ಒಂದೊಂದನ್ನೇ ಬಿಡಿಸಿ ಹರವಿದೆವು.

ಮೊದಲ ತಪಾಸಣೆ ಮೂಗಿನದು. ಹೊರಹೊದಿಕೆಯನ್ನು ಚೀಲದಿಂದ ಎಳೆದಾಗ ಬರುವ ಕೆಟ್ಟ ವಾಸನೆಯಲ್ಲಿ ಎರಡು ಬಗೆಗಳಿವೆ, ಅವೆರಡನ್ನೂ ಒಂದೇ ಎಂದು ತಿಳಿದರೆ ಉಳಿಯಬಹುದಾದ ಡೇರೆಯನ್ನು ಎಸೆಯುತ್ತೇವೆ, ಎಸೆಯಬೇಕಾದದ್ದನ್ನು ತೊಳೆಯುತ್ತ ಕೂರುತ್ತೇವೆ. ಒಂದು ಮುಗ್ಗಲು ವಾಸನೆ. ಒದ್ದೆಯಿದ್ದಾಗಲೇ ಮಡಿಚಿದ ಬಟ್ಟೆಗೆ ಬೂಷ್ಟು ಹಿಡಿದು ಕಪ್ಪು ಚುಕ್ಕೆಗಳು ಮೂಡಿರುತ್ತವೆ. ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸೋಪು ಕರಗಿಸಿ, ಸ್ಪಂಜಿನಿಂದ ಒರೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿದರೆ ಕಲೆ ಹೋಗದಿದ್ದರೂ ಡೇರೆ ಉಳಿಯುತ್ತದೆ. ಇನ್ನೊಂದು ವಾಂತಿಯನ್ನು ನೆನಪಿಸುವ ಹುಳಿ ಕಮಟು. ನೀರು ತಡೆಯಲೆಂದು ಬಟ್ಟೆಯ ಒಳಮೈಗೆ ಬಳಿದಿರುವ ಪಾಲಿಯುರಿಥೇನ್ ಲೇಪವು ಗಾಳಿಯ ತೇವವನ್ನು ಹೀರಿ ಒಳಗಿಂದೊಳಗೆ ಒಡೆಯತೊಡಗಿದಾಗ ಈ ವಾಸನೆ ಬರುತ್ತದೆ. ಅಂಥ ಬಟ್ಟೆ ಬೆರಳಿಗೆ ಅಂಟುತ್ತದೆ, ಮಡಿಕೆಗಳು ಹತ್ತಿಕೊಂಡು ಬಿಡಿಸುವಾಗ ಚರ್ರೆನ್ನುತ್ತವೆ, ಕೆಲವೇ ತಿಂಗಳಲ್ಲಿ ಲೇಪವು ಬಿಳಿ ಹೊಟ್ಟಿನಂತೆ ಉದುರಲಾರಂಭಿಸುತ್ತದೆ. ಇದಕ್ಕೆ ಸೋಪೂ ಇಲ್ಲ, ಔಷಧವೂ ಇಲ್ಲ. ಇಂದು ಮೂರು ಹೊದಿಕೆಗಳು ಈ ಸ್ಥಿತಿಯಲ್ಲಿ ಸಿಕ್ಕವು. ಒಂದನ್ನಂತೂ ಹೊರಗಿನಿಂದ ನೋಡಿದರೆ ಹೊಸದೇ ಎನ್ನಬೇಕು, ಏಕೆಂದರೆ ಅದನ್ನು ಬಾಡಿಗೆಗೆ ಒಯ್ದವರೇ ಕಡಿಮೆ. ಅದು ಕಪಾಟಿನಲ್ಲೇ ಹಾಳಾಯಿತು. ಇವುಗಳ ಲೇಪವನ್ನು ಉಜ್ಜಿ ತೆಗೆದು, ಬಟ್ಟೆಯಿಂದ ಗೂಟದ ಚೀಲಗಳನ್ನು ಹೊಲಿಸುವುದೆಂದು ಬದಿಗಿಟ್ಟೆವು.

ಉಳಿದವುಗಳ ಹೊಲಿಗೆಗಳಿಗೆ ನೀರು ಸೋರದಂತೆ ಹೊಸದಾಗಿ ಅಂಟು ಹಚ್ಚಬೇಕು. ಲೇಪ ಯಾವುದೆಂದು ತಿಳಿಯದೆ ಹಚ್ಚಿದ ಅಂಟು ವ್ಯರ್ಥ: ಸಿಲಿಕೋನ್ ಲೇಪಿತ ಬಟ್ಟೆಗೆ ಸಿಲಿಕೋನ್ ಅಂಟೇ ಬೇಕು, ಬೇರೆಯದು ಕೂರದೆ ಸಿಪ್ಪೆಯಾಗಿ ಏಳುತ್ತದೆ. ನಮ್ಮವು ಎರಡನ್ನು ಬಿಟ್ಟು ಎಲ್ಲವೂ ಪಾಲಿಯುರಿಥೇನ್ ಲೇಪದವು. ಆ ಎರಡಕ್ಕೆ ಕೆಂಪು ನೂಲು ಕಟ್ಟಿ ಗುರುತು ಮಾಡಿದ್ದೇವೆ.

ಜಿಪ್ಪುಗಳ ಕಥೆಯೇ ಬೇರೆ. ಜಾಂಬೋಟಿ ಕಡೆಯ ಕೆಂಪು ಮಣ್ಣಾಗಲಿ, ಬಾದಾಮಿಯ ಮರಳುಗಲ್ಲಿನ ಪುಡಿಯಾಗಲಿ, ಹಲ್ಲುಗಳ ನಡುವೆ ಕೂತು, ಜಿಪ್ಪನ್ನು ಮುಚ್ಚಿ ತೆರೆಯಲು ಎಳೆಯುವ ರನ್ನರಿನ ಒಳಮೈಯನ್ನು ಅರದಂತೆ ತೇಯುತ್ತದೆ. ಬಾಗಿಲು ಎಳೆದಾಗ ರನ್ನರು ಮುಂದೆ ಸಾಗಿ, ಅದರ ಹಿಂದೆಯೇ ಜಿಪ್ಪು ಬಾಯಿ ಬಿಡತೊಡಗಿದರೆ ಜನ ಪೂರ್ತಿ ಜಿಪ್ಪನ್ನೇ ಬದಲಿಸಬೇಕೆಂದುಕೊಳ್ಳುತ್ತಾರೆ. ಮಧ್ಯಾಹ್ನ ಖಡೇಬಜಾರಿನ ಬಳಿ ಬ್ಯಾಗು ದುರಸ್ತಿ ಮಾಡುವ ಹಿರಿಯರೊಬ್ಬರಿಗೆ ಅಂಥ ಐದಾರು ಬಾಗಿಲುಗಳನ್ನು ಒಯ್ದು ತೋರಿಸಿದೆ. ಅವರು ಕನ್ನಡಕ ಏರಿಸಿ, ಉಗುರಿನಿಂದ ಜಿಪ್ಪಿನ ಹಲ್ಲುಗಳ ಸುರುಳಿಯನ್ನು ಉದ್ದಕ್ಕೂ ಸವರಿ, "ಸರ, ಹಲ್ಲು ಚಲೋ ಅದಾವ್ರಿ, ರನ್ನರ್ ಅಷ್ಟ ಸವದೈತಿ, ಸುಮ್ನ ಯಾಕ ರೊಕ್ಕ ಹಾಳ ಮಾಡ್ತೀರಿ" ಎಂದರು. ಇಕ್ಕಳದಿಂದ ರನ್ನರಿನ ಎರಡೂ ಬದಿಯನ್ನು ಮೆಲ್ಲಗೆ ಒತ್ತಿ ಒಂದನ್ನು ಅಲ್ಲೇ ಸರಿಪಡಿಸಿದರು. "ಕಾಕಾ, ಇದು ಎಷ್ಟು ದಿನ ಬಂದೀತು?" ಎಂದು ನಾನು ಕೇಳಿದ್ದಕ್ಕೆ, "ಈ ಸೀಜನ್ನಿಗೆ ಅಡ್ಡಿ ಇಲ್ರಿ" ಎಂದರು. ರನ್ನರಿನ ಹಿಂಬದಿಯಲ್ಲಿ 5, 8, 10 ಎಂದು ಅಂಕಿ ಒತ್ತಿರುವುದನ್ನು ಭೂತಗನ್ನಡಿಯಲ್ಲಿ ತೋರಿಸಿದ್ದೂ ಅವರೇ. ಅದೇ ಅಂಕಿಯ, ಅದೇ ಬಗೆಯ ಸುರುಳಿಗೆ ಹೊಂದುವ ರನ್ನರನ್ನು ತಂದರೆ ಮಾತ್ರ ಕೂರುತ್ತದೆ. ಒಂದು ಡಬ್ಬಿ ತುಂಬ ತಂದಿಟ್ಟುಕೊಂಡಿದ್ದೇನೆ.

ಇಂದಿನ ದೊಡ್ಡ ಚರ್ಚೆ ಕೋಲುಗಳಿಂದ ಶುರುವಾಯಿತು. ನಮ್ಮ ಕಪಾಟಿನಲ್ಲಿ ದಾನವಾಗಿ ಬಂದವು, ರಿಯಾಯಿತಿಯಲ್ಲಿ ಕೊಂಡವು, ಯಾರೋ ವಿದೇಶದಿಂದ ತಂದವು ಎಂದು ತರಹೇವಾರಿ ಡೇರೆಗಳಿವೆ. ಫೈಬರ್‌ಗ್ಲಾಸ್ ಕೋಲಿನ ದಪ್ಪ ಒಂದರದು 7.9 ಮಿಲಿಮೀಟರ್, ಮತ್ತೊಂದರದು 8.5, ಇನ್ನೊಂದರದು 9.5. ತುಂಡು ಸೀಳಿ ಸಿಬಿರೆದ್ದರೆ ಪಕ್ಕದ ಡೇರೆಯ ಕೋಲು ಇದಕ್ಕೆ ಹೊಂದುವುದಿಲ್ಲ, ಹೀಗಾಗಿ ಒಂದು ಮೊಳದ ತುಂಡಿನ ಸಲುವಾಗಿ ಇಡೀ ಡೇರೆ ಮೂಲೆ ಸೇರುತ್ತದೆ. ಯುವ ಸದಸ್ಯರಿಗೆ ಈ ಸಲ ಅಲ್ಯೂಮಿನಿಯಂ ಕೋಲಿನ, ಹಗುರವಾದ, ದುಬಾರಿ ಡೇರೆಗಳು ಬೇಕು. ಸ್ವಂತಕ್ಕೆ ಕೊಳ್ಳುವುದಾದರೆ ನಾನೂ ಅದನ್ನೇ ಕೊಳ್ಳುತ್ತಿದ್ದೆ. ಆದರೆ ಬಾಡಿಗೆಗೆ ಕೊಡುವ ಬಳಗಕ್ಕೆ ಅತ್ಯುತ್ತಮವಾದ ಎರಡು ಡೇರೆಗಳಿಗಿಂತ, ಸಾಕಷ್ಟು ಚೆನ್ನಾಗಿರುವ, ಒಂದೇ ಮಾದರಿಯ ಎಂಟು ಡೇರೆಗಳು ಹೆಚ್ಚು ಕಾಲ ದುಡಿಯುತ್ತವೆ ಎಂಬುದು ನನ್ನ ವಾದ: ಕೋಲು, ಗೂಟ, ಕೊಂಡಿ, ರನ್ನರು ಎಲ್ಲವೂ ಅದಲುಬದಲಾಗುತ್ತವೆ, ಮತ್ತು ಡೇರೆ ಹೂಡುವ ಕ್ರಮವನ್ನು ಒಮ್ಮೆ ಕಲಿಸಿದರೆ ಸಾಕು. ಹೊದಿಕೆಗೆ 1500 ಮಿಲಿಮೀಟರ್, ನೆಲಕ್ಕೆ 3000 ಮಿಲಿಮೀಟರ್ ಎತ್ತರದ ನೀರಿನ ಕಂಬದ ಒತ್ತಡ ತಾಳುವ ಬಟ್ಟೆಯಿದ್ದರೆ ನಮ್ಮ ಗಿರಾಕಿಗಳಿಗೆ ಧಾರಾಳವಾಯಿತು. "ಅಣ್ಣಾ, ಮುಂದಿನ ವರ್ಷ ಆ ಮಾಡೆಲ್ಲೇ ಬಂದ್ ಆತಂದ್ರ ಏನ್ ಮಾಡೋಣು?" ಎಂದು ಬಳಗದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಮಾತ್ರ ತೂಕದ್ದಾಗಿತ್ತು. ಅದಕ್ಕಾಗಿ ಒಂದು ಡೇರೆಯನ್ನು ಬಾಡಿಗೆಗೆ ಕೊಡದೆ ಬಿಡಿಭಾಗಗಳಿಗೆಂದೇ ಎತ್ತಿಡುವುದು, ಕೋಲುಗಳನ್ನು 8.5 ಮಿಲಿಮೀಟರಿಗೇ ಸೀಮಿತಗೊಳಿಸುವುದು ಎಂದು ಒಪ್ಪಂದವಾಯಿತು. ಕೋಲುಗಳ ಒಳಗಿನ ಎಲಾಸ್ಟಿಕ್ ಹಗ್ಗ ಸಡಿಲವಾದವುಗಳಿಗೆ ಹೊಸ ಹಗ್ಗ ಪೋಣಿಸಿದೆವು. ಮಡಿಚುವಾಗ ತುದಿಯಿಂದಲ್ಲದೆ ನಡುವಿನಿಂದ ಆರಂಭಿಸಿದರೆ ಆ ಹಗ್ಗದ ಮೇಲೆ ಜಗ್ಗು ಕಡಿಮೆ ಬೀಳುತ್ತದೆ ಎಂದು ಚೀಲದ ಮೇಲೆಯೇ ಬರೆಸಬೇಕು.

ಗೂಟಗಳ ವಿಷಯದಲ್ಲಿ ನಮ್ಮ ಜಿಲ್ಲೆಯ ನೆಲವೇ ಎರಡು ಮನಸ್ಸಿನದು. ಖಾನಾಪುರದ ಜಂಬಿಟ್ಟಿಗೆ ನೆಲದಲ್ಲಿ ತೆಳು ಅಲ್ಯೂಮಿನಿಯಂ ಗೂಟ ಬಾಗುತ್ತದೆ, ಸವದತ್ತಿಯ ಕಡೆಯ ಎರೆಭೂಮಿಯಲ್ಲಿ ಅದೇ ಗೂಟ ಬೆರಳಿನಿಂದ ಎಳೆದರೂ ಕಿತ್ತು ಬರುತ್ತದೆ. ಮೊದಲನೆಯದಕ್ಕೆ ಉದ್ಯಮಬಾಗದ ವೆಲ್ಡಿಂಗ್ ಅಂಗಡಿಯೊಂದರಲ್ಲಿ 8 ಮಿಲಿಮೀಟರಿನ ಕಬ್ಬಿಣದ ಸರಳನ್ನು 30 ಸೆಂಟಿಮೀಟರಿಗೆ ಕತ್ತರಿಸಿ, ತಲೆ ಬಗ್ಗಿಸಿ, ತುದಿ ಚೂಪು ಮಾಡಿಸಲು ಹೇಳಿದ್ದೇವೆ. ಒಂದೊಂದು ಸುಮಾರು 120 ಗ್ರಾಂ ತೂಗುತ್ತದೆ, ಬೆನ್ನ ಮೇಲೆ ಹೊರುವವರಿಗೆ ಇದು ಹೇಳಿದ್ದಲ್ಲ, ಆದರೆ ನಮ್ಮಿಂದ ಡೇರೆ ಒಯ್ಯುವ ಹೆಚ್ಚಿನ ಕುಟುಂಬಗಳು ಜೀಪಿನಲ್ಲೇ ಹೋಗುತ್ತವೆ. ಹುಲ್ಲಿನಲ್ಲಿ ಕಳೆಯದಿರಲೆಂದು ಕಿತ್ತಳೆ ಬಣ್ಣ. ಎರೆಭೂಮಿಗೆ ಗೂಟಕ್ಕಿಂತ ಒಂದು ಚೀಲದಲ್ಲಿ ಮಣ್ಣು ತುಂಬಿ, ಹಗ್ಗ ಕಟ್ಟಿ, ಹೂಳುವುದೇ ಗಟ್ಟಿ.

ಸ್ಲೀಪಿಂಗ್ ಬ್ಯಾಗುಗಳನ್ನು ಒತ್ತಿ ತುಂಬಿಟ್ಟರೆ ಒಳಗಿನ ನಾರು ಚಪ್ಪಟೆಯಾಗಿ ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ, ಹೀಗಾಗಿ ಅವು ವರ್ಷವಿಡೀ ದೊಡ್ಡ ಅರಿವೆಯ ಚೀಲಗಳಲ್ಲಿ ಸಡಿಲವಾಗಿ ತೂಗಾಡುತ್ತವೆ. ಪ್ರತಿ ಬಾಡಿಗೆಯ ನಂತರ ಬ್ಯಾಗನ್ನು ತೊಳೆಯುವುದು ಅದನ್ನು ಕೊಲ್ಲುವುದಕ್ಕೆ ಸಮ. ಬದಲಿಗೆ ಹಳೆಯ ಕಾಟನ್ ಸೀರೆಗಳಿಂದ ಹೊಲಿಸಿದ ಒಳಚೀಲವನ್ನು ಕಡ್ಡಾಯ ಮಾಡಿ, ಅದನ್ನಷ್ಟೇ ತೊಳೆಯುತ್ತೇವೆ. ಚೀಟಿಯ ಮೇಲಿನ ಉಷ್ಣತೆಯ ಅಂಕಿ ಜನರನ್ನು ದಾರಿ ತಪ್ಪಿಸುತ್ತದೆ. ಸ್ಲೀಪಿಂಗ್ ಬ್ಯಾಗುಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 23537ರಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂಬ ಅಂಕಿಗಳಿರುತ್ತವೆ. ಕೊನೆಯದು ಜೀವ ಉಳಿಯಬಹುದಾದ ಮಟ್ಟವೇ ಹೊರತು ನಿದ್ದೆ ಬರುವ ಮಟ್ಟವಲ್ಲ. ಆ ಕೊನೆಯ ಅಂಕಿ ನೋಡಿ ಹಿಮಾಲಯಕ್ಕೆ ಒಯ್ಯುತ್ತೇನೆನ್ನುವವರು ಪ್ರತಿ ವರ್ಷ ಬರುತ್ತಾರೆ. ಇನ್ನು ಮುಂದೆ ಕಂಫರ್ಟ್ ಅಂಕಿಯನ್ನು ಮಾತ್ರ ಕನ್ನಡದಲ್ಲಿ ದೊಡ್ಡದಾಗಿ ಬರೆದು ಹೊಲಿಸುತ್ತೇವೆ.

ಒಲೆಗಳ ರಬ್ಬರ್ ಉಂಗುರಗಳಿಗೆ ಸೋಪಿನ ನೀರು ಹಚ್ಚಿ, ಗ್ಯಾಸ್ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದೆವು, ಒಂದನ್ನು ತೆಗೆದುಹಾಕಿದೆವು. ಡೇರೆಯೊಳಗೆ ಒಲೆ ಹಚ್ಚಬಾರದು, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲ ಎಂಬ ಪಟ್ಟಿ ಪ್ರತಿ ಒಲೆಯ ಚೀಲಕ್ಕೂ ಇದೆ. ಹಣೆ ಟಾರ್ಚುಗಳಲ್ಲಿ ಸೆಲ್ಲು ಸೋರಿ ಬಿಳಿ ಪುಡಿ ಕಟ್ಟಿದ ಕಡೆ ಲಿಂಬೆರಸದಲ್ಲಿ ಅದ್ದಿದ ಹತ್ತಿ ಸಾಕಾಯಿತು. ರಕ್‌ಸ್ಯಾಕ್ ಒಂದರ ತಲೆಜೇಬಿನಲ್ಲಿ ಅರ್ಧ ತಿಂದ ಕುಂದಾ ಸಿಹಿತಿಂಡಿಯ ಡಬ್ಬಿ, ಅದರ ಸುತ್ತ ಇರುವೆಗಳ ಸಾಲು, ಪಕ್ಕದಲ್ಲಿ ಇಲಿ ಕಡಿದ ರಂಧ್ರ. ಮರಳಿ ಕೊಡುವಾಗ ಎಲ್ಲ ಜೇಬುಗಳನ್ನೂ ಹೊರಮಗುಚಿ ತೋರಿಸಬೇಕೆಂಬ ನಿಯಮ ಇಂದಿನಿಂದ ಜಾರಿ.

ಈ ಎಲ್ಲದರ ಮೂಲ ಮರಳಿ ತೆಗೆದುಕೊಳ್ಳುವ ಆ ಅರ್ಧ ಗಂಟೆಯಲ್ಲಿದೆ. ಭಾನುವಾರ ರಾತ್ರಿ ದಣಿದು ಬಂದವರು ಒದ್ದೆ ಡೇರೆಯ ಗಂಟನ್ನು ಬಾಗಿಲಲ್ಲಿಟ್ಟು ಹೋಗುತ್ತಾರೆ, ನಾವೂ ಅದನ್ನು ಹಾಗೆಯೇ ಕಪಾಟಿಗೆ ಸೇರಿಸುವ ಆಸೆಗೆ ಬೀಳುತ್ತೇವೆ. ಆದ್ದರಿಂದ ಕಪಾಟಿಗೆ ಹೋಗುವ ಮುನ್ನ ಎರಡು ದಿನ ಹಗ್ಗದ ಮೇಲೆ ಇರಲೇಬೇಕೆಂದೂ, ಒಣಗಿಸಿದವರ ಸಹಿ ವಹಿಯಲ್ಲಿ ಇರಬೇಕೆಂದೂ ಗೊತ್ತುಮಾಡಿದೆವು. ಠೇವಣಿಯ ಬಗ್ಗೆ ನಾನು ಮುಂದಿಟ್ಟ ಸಲಹೆ ಕೆಲವರಿಗೆ ಹಿಡಿಸಲಿಲ್ಲ: ಹರಿದಿದೆ, ಮುರಿದಿದೆ ಎಂದು ತಾವಾಗಿಯೇ ಹೇಳಿದವರ ಠೇವಣಿಯಲ್ಲಿ ಒಂದು ರೂಪಾಯಿಯನ್ನೂ ಮುರಿದುಕೊಳ್ಳಬಾರದು. ದಂಡದ ಭಯವಿದ್ದಲ್ಲಿ ಸೀಳಿದ ಕೋಲು ಚೀಲದೊಳಗೆ ಸುಮ್ಮನೆ ಮಲಗಿರುತ್ತದೆ, ಅದರ ಪರಿಣಾಮ ಗೊತ್ತಾಗುವುದು ಮುಂದಿನ ಗಿರಾಕಿಗೆ, ಅದೂ ಕತ್ತಲಾದ ಮೇಲೆ, ಗಾಳಿಯಲ್ಲಿ. ದಸರೆಯವರೆಗೆ ಪ್ರಯೋಗಕ್ಕೆ ನೋಡೋಣವೆಂದು ಖಜಾಂಚಿಯವರು ಒಪ್ಪಿದ್ದರಲ್ಲಿ ಸ್ವಲ್ಪ ಜಾಣತನವಿದೆ, ಏಕೆಂದರೆ ದಸರೆ ಗುರುವಾರವೇ ಇದೆ. ಅವಧಿಯನ್ನು ಜನವರಿಯವರೆಗೆ ವಿಸ್ತರಿಸಬೇಕೆಂದು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಬರೆಸಿ ಬಂದಿದ್ದೇನೆ.