ಕ್ಯೂಜಿಐಎಸ್ ನಕ್ಷೆ: ಬಣ್ಣ ಆಮೇಲೆ, ಮೊದಲು ಕ್ಲಾಸ್

ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಕ್ಯೂಜಿಐಎಸ್ (ನಕ್ಷೆ ಮಾಡುವ ಉಚಿತ ಸಾಫ್ಟ್‌ವೇರ್) ತೆರೆದ ಕೂಡಲೇ ಕಲರ್ ರ‍್ಯಾಂಪ್ (ಬಣ್ಣಗಳ ಸಾಲು) ಹುಡುಕುತ್ತಾ ಕೂರುತ್ತಾರೆ. ಚೆಂದದ ಬಣ್ಣ ಸಿಕ್ಕರೆ ನಕ್ಷೆ ಮುಗೀತು ಅಂತ ಲೆಕ್ಕ. ನಾನು ಬಣ್ಣಕ್ಕೆ ಕೈ ಹಾಕುವುದು ಕೊನೆಗೆ. ಅಂಕಿಗಳನ್ನು ಎಲ್ಲಿ ತುಂಡು ಮಾಡಿ ಕ್ಲಾಸ್, ಅಂದರೆ ಗುಂಪು, ಮಾಡುತ್ತೀರಿ ಅನ್ನುವುದರ ಮೇಲೆ ನಕ್ಷೆ ಹೇಳುವ ಕಥೆಯೇ ಬದಲಾಗುತ್ತದೆ.

2011ರ ಜನಗಣತಿಯ ಜನಸಾಂದ್ರತೆಯನ್ನೇ ನೋಡಿ. ಆಗ ಕರ್ನಾಟಕದಲ್ಲಿ 30 ಜಿಲ್ಲೆಗಳು. ಚದರ ಕಿಲೋಮೀಟರಿಗೆ ಕೊಡಗಿನಲ್ಲಿ 135 ಜನ, ಬೆಂಗಳೂರು ನಗರದಲ್ಲಿ 4381. ಸ್ಟೈಲ್‌ನಲ್ಲಿ ಗ್ರಾಜುಯೇಟೆಡ್ (ಕ್ಲಾಸಿಗೊಂದು ಬಣ್ಣ ಕೊಡುವ ಬಗೆ) ಆರಿಸಿ, ಮೋಡ್‌ನಲ್ಲಿ ಈಕ್ವಲ್ ಇಂಟರ್ವಲ್ (ಎಲ್ಲ ಕ್ಲಾಸಿಗೂ ಒಂದೇ ಅಗಲ) ಕೊಟ್ಟು ಐದು ಕ್ಲಾಸ್ ಮಾಡಿ. ಒಂದೊಂದರ ಅಗಲ ಸುಮಾರು 849. ಮೊದಲನೇ ಕ್ಲಾಸೇ 984ರ ತನಕ ಹೋಗುತ್ತದೆ. ಬೆಂಗಳೂರು ನಗರ ಬಿಟ್ಟರೆ ಬೇರೆ ಯಾವ ಜಿಲ್ಲೆಯೂ 500 ದಾಟಿಲ್ಲ! 29 ಜಿಲ್ಲೆಗೆ ಒಂದೇ ತೆಳು ಬಣ್ಣ, ಒಂದಕ್ಕೆ ಕಡು ಬಣ್ಣ, ನಡುವಿನ ಮೂರು ಕ್ಲಾಸ್ ಖಾಲಿ. ಇಷ್ಟು ಹೇಳೋಕೆ ನಕ್ಷೆ ಯಾಕೆ, ಒಂದು ಸಾಲು ಸಾಕಲ್ವಾ?

ಈಕ್ವಲ್ ಕೌಂಟ್ ಕೊಟ್ಟರೆ ಕ್ಲಾಸಿಗೆ ಆರಾರು ಜಿಲ್ಲೆ ಬರುತ್ತವೆ, ನಕ್ಷೆ ಕಣ್ಣಿಗೆ ತುಂಬಿಕೊಂಡಂತೆ ಕಾಣುತ್ತದೆ. ಆದರೆ ಮೈಸೂರಿನ 476 ಮತ್ತು ಬೆಂಗಳೂರಿನ 4381 ಒಂದೇ ಕ್ಲಾಸಿಗೆ ಬೀಳುತ್ತವೆ. ಅದೂ ಸರಿಯಲ್ಲ.

ಇಂಥ ಕಡೆ ನಾನು ಹಿಸ್ಟೋಗ್ರಾಮ್ ಟ್ಯಾಬ್‌ಗೆ ಹೋಗಿ ಅಂಕಿಗಳು ಎಲ್ಲಿ ಗುಂಪಾಗಿವೆ ನೋಡುತ್ತೇನೆ. ಆಮೇಲೆ ಕೈಯಿಂದಲೇ ಬ್ರೇಕ್, ಅಂದರೆ ಕ್ಲಾಸುಗಳ ನಡುವಿನ ಗಡಿ ಅಂಕಿ, ಬರೆಯುತ್ತೇನೆ: 200, 319, 400, 500. 319 ಸುಮ್ನೆ ಬಂದದ್ದಲ್ಲ, ಅದು ರಾಜ್ಯದ ಸರಾಸರಿ. ನಕ್ಷೆ ನೋಡಿದವರು ಮೊದಲು ಕೇಳುವುದು "ನಮ್ಮ ಜಿಲ್ಲೆ ಸರಾಸರಿಗಿಂತ ಮೇಲಾ, ಕೆಳಗಾ" ಅಂತಲೇ.

ಬರೀ ಜನಸಂಖ್ಯೆಗೆ ಬಣ್ಣ ತುಂಬುವುದಂತೂ ಬೇಡ. ಬೆಳಗಾವಿಯಲ್ಲಿ ಸುಮಾರು 47.8 ಲಕ್ಷ ಜನ, ರಾಜ್ಯದಲ್ಲೇ ಎರಡನೇ ಸ್ಥಾನ. ಆದರೆ ಜಿಲ್ಲೆ ಅಷ್ಟು ದೊಡ್ಡದು, ಸಾಂದ್ರತೆ 356 ಅಷ್ಟೆ. ಸಂಖ್ಯೆಯನ್ನೇ ತೋರಿಸಬೇಕಿದ್ದರೆ ಜಿಲ್ಲೆಯ ನಡುವೆ ವೃತ್ತ ಇಟ್ಟು ಅದರ ಗಾತ್ರ ಬದಲಿಸಿ.

ಈಗ ಬಣ್ಣ. ನಕ್ಷಾ ತಜ್ಞೆ ಸಿಂಥಿಯಾ ಬ್ರೂವರ್ ನಕ್ಷೆಗಳಿಗೆಂದೇ ರೂಪಿಸಿದ ಕಲರ್‌ಬ್ರೂವರ್ ರ‍್ಯಾಂಪ್‌ಗಳು ಕ್ಯೂಜಿಐಎಸ್‌ನಲ್ಲೇ ಇವೆ. ತೆಳು ಹಳದಿಯಿಂದ ಕಡು ಕಂದಿಗೆ ಹೋಗುವುದು ನನಗಿಷ್ಟ. ಕಾರಣ ಜೆರಾಕ್ಸ್. ಕಲರ್‌ನಲ್ಲಿ ಕೊಟ್ಟ ವರದಿ ಮೀಟಿಂಗ್ ಟೇಬಲ್ ತಲುಪುವ ಹೊತ್ತಿಗೆ ಕಪ್ಪು-ಬಿಳುಪಾಗಿರುತ್ತದೆ. ಕೆಂಪು-ಹಸಿರು ಹಾಕಿದ್ದರೆ ಎರಡೂ ಒಂದೇ ಬೂದು. ತೆಳುವಿನಿಂದ ಕಡುವಿಗೆ ಹೋಗುವ ಬಣ್ಣವಾದರೆ ಆಗಲೂ ಓದಬಹುದು. ಕೆಂಪು-ಹಸಿರು ಗುರುತಿಸಲು ಕಷ್ಟಪಡುವವರಿಗೂ ಇದೇ ಅನುಕೂಲ.

ಗಡಿಗೆರೆ ತಾನಾಗಿಯೇ 0.26 ಮಿಲಿಮೀಟರ್ ದಪ್ಪ ಬರುತ್ತದೆ. ತಾಲ್ಲೂಕು ನಕ್ಷೆಯಲ್ಲಿ ಅದು ಜಾಸ್ತಿ. 0.1ಕ್ಕೆ ಇಳಿಸಿ, ಬಿಳಿ ಮಾಡಿ.

ಇನ್ನೊಂದು ವಿಷಯ. 2011ರ ಅಂಕಿಯನ್ನು ಈಗಿನ ಜಿಲ್ಲಾ ಗಡಿಗೆ ಜಾಯಿನ್ ಮಾಡಿದರೆ (ಜಿಲ್ಲೆಗೆ ಜಿಲ್ಲೆ ಹೊಂದಿಸಿ ಜೋಡಿಸಿದರೆ) ವಿಜಯನಗರ ಜಿಲ್ಲೆ ನಕ್ಷೆಯಿಂದ ಮಾಯವಾಗುತ್ತದೆ. ಅದು ಬಳ್ಳಾರಿಯಿಂದ ಬೇರೆಯಾಗಿದ್ದು 2021ರಲ್ಲಿ, ಹಾಗಾಗಿ ಅದರ ಸಾಲು ನಲ್, ಅಂದರೆ ಅಂಕಿಯೇ ಇಲ್ಲದೆ ಖಾಲಿ. ಗ್ರಾಜುಯೇಟೆಡ್ ಸ್ಟೈಲ್ ನಲ್ ಇರುವುದನ್ನು ಬಿಡಿಸುವುದೇ ಇಲ್ಲ. ಬಳ್ಳಾರಿಯದ್ದೂ ಹಳೆಯ ದೊಡ್ಡ ಜಿಲ್ಲೆಯ ಅಂಕಿ. ಒಂದೋ 2011ರ ಗಡಿಯನ್ನೇ ಬಳಸಿ, ಇಲ್ಲಾ ತಾಲ್ಲೂಕು ಅಂಕಿಗಳನ್ನು ಕೂಡಿಸಿ ಎರಡೂ ಜಿಲ್ಲೆಗೆ ಹೊಸದಾಗಿ ಲೆಕ್ಕ ಹಾಕಿ.