ಹವಾಯಿಯ ನವೆಂಬರ್ 28 ಮತ್ತು ನಮ್ಮ ಸೋಂದಾ

ಬ್ರಿಟನ್ ಮತ್ತು ಫ್ರಾನ್ಸ್ 1843ರ ನವೆಂಬರ್ 28ರಂದು ಲಂಡನ್ನಿನಲ್ಲಿ ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿ, ಹವಾಯಿ ದ್ವೀಪಗಳನ್ನು ಸ್ವತಂತ್ರ ರಾಜ್ಯವೆಂದು ಒಪ್ಪಿಕೊಂಡವು. ಅವನ್ನು ಯಾವ ರೂಪದಲ್ಲಿಯೂ ವಶಪಡಿಸಿಕೊಳ್ಳುವುದಿಲ್ಲವೆಂದು ಪರಸ್ಪರ ಮಾತು ಕೊಟ್ಟವು. ಹವಾಯಿಯವರು ‘ಲಾ ಕೂಓಕೋಆ’ (ಸ್ವಾತಂತ್ರ್ಯ ದಿನ) ಎಂದು ಕರೆಯುವ ಆ ದಿನವನ್ನು ಅಧಿಕೃತವಾಗಿ ಸ್ಮರಿಸಲು, ಈಗ ಅಮೆರಿಕದ ಒಂದು ರಾಜ್ಯವಾಗಿರುವ ಹವಾಯಿಯ ಸರಕಾರ 2023ರಲ್ಲಿ ಕಾನೂನು ಮಾಡಿತು.

ಆ ಸಹಿ ಸುಲಭವಾಗಿ ಸಿಕ್ಕದ್ದಲ್ಲ. ದೊರೆ ಮೂರನೆಯ ಕಮೆಹಮೆಹಾ 1842ರಲ್ಲಿ ಕಳುಹಿಸಿದ ರಾಯಭಾರಿಗಳಾದ ಟಿಮೊಟಿಯೊ ಹಾಲಿಲಿಯೊ ಮತ್ತು ವಿಲಿಯಂ ರಿಚರ್ಡ್ಸ್ ವಾಷಿಂಗ್ಟನ್, ಲಂಡನ್, ಪ್ಯಾರಿಸ್‌ಗಳಲ್ಲಿ ಮಾತುಕತೆ ನಡೆಸುತ್ತಿದ್ದಾಗಲೇ, 1843ರ ಫೆಬ್ರುವರಿಯಲ್ಲಿ ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ಪಾಲೆಟ್ ತನ್ನ ಸರಕಾರದ ಅಪ್ಪಣೆಯಿಲ್ಲದೆ ಹವಾಯಿಯನ್ನು ಆಕ್ರಮಿಸಿದ. ಅಡ್ಮಿರಲ್ ಥಾಮಸ್ ಬಂದು ಜುಲೈ 31ರಂದು ಅದನ್ನು ದೊರೆಗೆ ಮರಳಿಸಬೇಕಾಯಿತು. ಹಾಲಿಲಿಯೊ ಮಾತ್ರ ಊರು ಸೇರಲಿಲ್ಲ. 1844ರ ಡಿಸೆಂಬರಿನಲ್ಲಿ, ಹಿಂದಿರುಗುವ ಹಡಗಿನಲ್ಲೇ ತೀರಿಕೊಂಡ.

ನನಗೆ ಮುಖ್ಯವೆನಿಸುವುದು ಸ್ಮರಿಸುತ್ತಿರುವವರು ಯಾರು ಎಂಬುದು. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಪದಚ್ಯುತಗೊಳಿಸಲಾಯಿತು, 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನೊಳಗೆ ಸೇರಿಸಿಕೊಂಡಿತು, 1993ರಲ್ಲಿ ಅಮೆರಿಕದ ಸಂಸತ್ತು ಆ ಪದಚ್ಯುತಿಗಾಗಿ ಕ್ಷಮೆ ಕೇಳಿತು. ಆ ವಿಲೀನದಿಂದ ಹುಟ್ಟಿದ ಸರಕಾರವೇ ಇಂದು ವಿಲೀನಕ್ಕೆ ಮುಂಚಿನ ಸ್ವಾತಂತ್ರ್ಯವನ್ನು ಕಾನೂನಿನಲ್ಲಿ ಬರೆದುಕೊಂಡಿದೆ. ರಜೆಯಿಲ್ಲ, ಅಧಿಕಾರವೇನೂ ಮರಳಿ ಬಂದಿಲ್ಲ. ಇಷ್ಟರಿಂದ ತೃಪ್ತರಾಗದ ಹವಾಯಿಯನ್ನರ ಅಸಮಾಧಾನ ನ್ಯಾಯವಾದದ್ದೇ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ರಾಜ್ಯಗಳಿದ್ದವು. ಶಿರಸಿ ಬಳಿಯ ಸೋಂದಾ ಅರಸರು ಘಟ್ಟದ ಕಾಳುಮೆಣಸನ್ನೂ ಕಾರವಾರದ ಎದುರಿನ ಸದಾಶಿವಗಡವನ್ನೂ ಹಿಡಿದುಕೊಂಡು, ವಿಜಯಪುರ, ಮರಾಠ, ಪೋರ್ಚುಗೀಸ್ ಶಕ್ತಿಗಳ ನಡುವೆ ಒಮ್ಮೆ ಕಪ್ಪ ಕೊಟ್ಟು, ಒಮ್ಮೆ ಒಪ್ಪಂದ ಮಾಡಿಕೊಂಡು ಬಾಳಿದವರು. 1763ರಲ್ಲಿ ಹೈದರ್ ಅಲಿಯ ಸೈನ್ಯ ಸೋಂದಾವನ್ನು ಗೆದ್ದಾಗ ಅರಸರು ಗೋವೆಗೆ ಹೋದರು. ಅವರ ಕೈಯಲ್ಲಿದ್ದ ಫೋಂಡಾ, ಕಾಣಕೋಣದಂಥ ಪ್ರದೇಶಗಳು ಪೋರ್ಚುಗೀಸರ ಪಾಲಾದವು. ಲಂಡನ್ನಿನಲ್ಲಿ ಸಹಿಯಾದಂಥ ಮಾನ್ಯತಾಪತ್ರ ಇವರಿಗೆ ಇರಲಿಲ್ಲ ಎಂಬುದು ನಿಜ. ಆದರೂ ಒಪ್ಪಂದಗಳಿಗೆ ಕೊರತೆಯಿರಲಿಲ್ಲ.

ಬನವಾಸಿಯ ಕದಂಬೋತ್ಸವಕ್ಕೆ ನನ್ನ ವಿರೋಧವಿಲ್ಲ. ಆದರೆ ಅರಸರ ಹೆಸರಿನಲ್ಲಿ ಸಂಗೀತ, ನೃತ್ಯಗಳ ವೇದಿಕೆ ಹಾಕುವ ಸರಕಾರ, ಸೋಂದಾದ ಒಪ್ಪಂದಗಳ ಪಠ್ಯವನ್ನು ಕನ್ನಡಕ್ಕೆ ತಂದು ಕಾರವಾರದಲ್ಲಿ ಒಂದು ದಿನ ಜನರ ಮುಂದಿಡುವುದೂ ಅಧಿಕೃತ ಸ್ಮರಣೆಯೇ ಆಗುತ್ತದೆ. ಅದಕ್ಕೆ ದೀಪಾಲಂಕಾರದ ಖರ್ಚೂ ಬೇಕಾಗುವುದಿಲ್ಲ.