ಅಸೈನ್‌ಮೆಂಟ್ ಓದಿ ಉತ್ತರ ಬರೆಯುವವರು ಬೇಕು

ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ನಮ್ಮ ಮನೆಗೆ ಊರಿಂದ ಯಾರೇ ಬಂದರೂ ವಾಲ್ಟನ್ ಹಾಲ್ ಕಡೆ ಕರೆದುಕೊಂಡು ಹೋಗುತ್ತೇನೆ. ಓಪನ್ ಯೂನಿವರ್ಸಿಟಿ ಇರುವುದು ಅಲ್ಲೇ. ಲೈಬ್ರರಿ ಇದೆ, ಲ್ಯಾಬ್ ಇದೆ, ಹಳೇ ಚರ್ಚ್ ಒಂದಿದೆ. ಡಿಗ್ರಿ ಓದುವ ಹುಡುಗ ಹುಡುಗಿಯರು ಮಾತ್ರ ಕಾಣುವುದಿಲ್ಲ. "ಇವತ್ತು ರಜಾನಾ?" ಅಂತ ಬಂದವರು ಕೇಳುತ್ತಾರೆ. ರಜಾ ಅಲ್ಲ. ಪಿಎಚ್.ಡಿ. ಮಾಡುವ ಒಂದಷ್ಟು ಜನರನ್ನು ಬಿಟ್ಟರೆ ಇಲ್ಲಿನ ವಿದ್ಯಾರ್ಥಿಗಳೆಲ್ಲ ಅವರವರ ಮನೆಯಲ್ಲೇ ಇದ್ದಾರೆ. ವಿದ್ಯಾರ್ಥಿಗಳ ಲೆಕ್ಕದಲ್ಲಿ ಬ್ರಿಟನ್ನಿನ ಅತಿ ದೊಡ್ಡ ಯೂನಿವರ್ಸಿಟಿ ಇದು. ಶುರುವಾದಾಗಿನಿಂದ 20 ಲಕ್ಷಕ್ಕೂ ಜಾಸ್ತಿ ಜನ ಇಲ್ಲಿ ಓದಿದ್ದಾರೆ.

ಅವರಲ್ಲಿ ನಾನೂ ಒಬ್ಬಳು. ಹಗಲು ಆಫೀಸಿನಲ್ಲಿ ಲೆಕ್ಕಪತ್ರದ ಕೆಲಸ, ಮಕ್ಕಳು ಮಲಗಿದ ಮೇಲೆ ಸ್ಟ್ಯಾಟಿಸ್ಟಿಕ್ಸ್. ಈಗ ಊರಲ್ಲೂ ಹಲವು ಯೂನಿವರ್ಸಿಟಿಗಳು ಆನ್‌ಲೈನ್ ಡಿಗ್ರಿ, ದೂರಶಿಕ್ಷಣ ಅಂತ ಹೊರಟಿವೆ. ತಂಗಿಯ ಮಗಳು ಫೋನ್ ಮಾಡಿ, "ದೊಡ್ಡಮ್ಮ, ನಾನೂ ಸೇರಲಾ?" ಎಂದಳು. ಅವಳಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

1963ರಲ್ಲಿ ಲೇಬರ್ ಪಕ್ಷದ ನಾಯಕ ಹೆರಾಲ್ಡ್ ವಿಲ್ಸನ್ ಗ್ಲಾಸ್ಗೋದ ಭಾಷಣವೊಂದರಲ್ಲಿ ರೇಡಿಯೋ, ಟಿವಿ ಮೂಲಕ ಪಾಠ ಮಾಡುವ ಯೂನಿವರ್ಸಿಟಿಯ ಮಾತೆತ್ತಿದರು. ಪ್ರಧಾನಿಯಾದ ಮೇಲೆ ಆ ಕೆಲಸವನ್ನು ತಮ್ಮ ಸರ್ಕಾರದ ಮಂತ್ರಿ ಜೆನ್ನಿ ಲೀ ಅವರಿಗೆ ಒಪ್ಪಿಸಿದರು. ಅವರು ಸ್ಕಾಟ್ಲೆಂಡಿನ ಗಣಿ ಕಾರ್ಮಿಕರೊಬ್ಬರ ಮಗಳು. ಬಡವರಿಗೆ ಅಂತ ಎರಡನೇ ದರ್ಜೆಯ ಡಿಗ್ರಿ ಕೊಡುವುದು ಬೇಡ, ಉಳಿದ ಯೂನಿವರ್ಸಿಟಿಗಳ ಡಿಗ್ರಿಗೆ ಸಮ ಇರಬೇಕು ಅಂತ ಪಟ್ಟು ಹಿಡಿದರು. ಸೇರಲು ಹಿಂದಿನ ಮಾರ್ಕ್ಸ್ ಕೇಳಬಾರದು, ಹೊರಬರುವಾಗ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ವಿರೋಧ ಪಕ್ಷದ ದೊಡ್ಡ ದೊಡ್ಡವರೇ ಇದನ್ನು ಹುಚ್ಚಾಟ ಎಂದಿದ್ದರು. 1969ರಲ್ಲಿ ರಾಣಿಯ ಸನ್ನದು ಸಿಕ್ಕಿತು. 1971ರ ಜನವರಿಯಲ್ಲಿ 24 ಸಾವಿರದಷ್ಟು ಜನರೊಂದಿಗೆ ಪಾಠ ಶುರುವಾಯಿತು.

ಬಿಬಿಸಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತಿದ್ದ ಪಾಠಗಳನ್ನು ಇಲ್ಲಿನ ಹಳಬರು ಈಗಲೂ ನೆನೆಯುತ್ತಾರೆ. ಆದರೆ ಯೂನಿವರ್ಸಿಟಿ ನಿಂತಿದ್ದು ಟಿವಿಯ ಮೇಲಲ್ಲ. ಒಂದು ಕೋರ್ಸಿನ ಪುಸ್ತಕ ಬರೆಯಲು ಇಲ್ಲಿ ಒಂದು ತಂಡವೇ ಕೂರುತ್ತದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ತಿದ್ದುತ್ತಾರೆ, ಜಗಳವನ್ನೂ ಆಡುತ್ತಾರೆ. ವರ್ಷಗಟ್ಟಲೆ ಹಿಡಿಯುತ್ತದೆ. ಓದುತ್ತಾ ಹೋದರೆ ಎರಡು ಪುಟಕ್ಕೊಮ್ಮೆ "ಇಲ್ಲಿ ನಿಲ್ಲಿ, ಇದನ್ನು ಮಾಡಿ ನೋಡಿ" ಎನ್ನುತ್ತದೆ ಪುಸ್ತಕ. ವಿಜ್ಞಾನ ಓದುವವರಿಗೆ ಮೊದಲ ವರ್ಷಗಳಲ್ಲಿ ಪ್ರಯೋಗದ ಪೆಟ್ಟಿಗೆಯೇ ಮನೆಗೆ ಬರುತ್ತಿತ್ತು. ಒಳಗೆ ಕೆಮಿಕಲ್ಲುಗಳು ಮತ್ತು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ಲಾಸ್ಟಿಕ್ ಮೈಕ್ರೋಸ್ಕೋಪ್. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಟೇಬಲ್ಲೇ ಲ್ಯಾಬ್ ಆಗಿತ್ತು. ಈಗ ಟೆನೆರಿಫ್ ದ್ವೀಪದ ಬೆಟ್ಟದ ಮೇಲಿರುವ ಟೆಲಿಸ್ಕೋಪನ್ನು ಮನೆಯ ಲ್ಯಾಪ್‌ಟಾಪಿನಿಂದಲೇ ತಿರುಗಿಸುತ್ತಾರೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಇದ್ಯಾವುದೂ ಅಲ್ಲ, ಅಸೈನ್‌ಮೆಂಟ್. ಸುಮಾರು 20 ಜನರ ಗುಂಪಿಗೆ ಒಬ್ಬರು ಟ್ಯೂಟರ್ ಇರುತ್ತಾರೆ. ನಾವು ಬರೆದು ಕಳಿಸಿದ್ದನ್ನು ಅವರು ಸಾಲು ಸಾಲಾಗಿ ಓದುತ್ತಾರೆ. ಒಂದು ಸಲ ಊರೊಂದರ ಮಳೆ ಮತ್ತು ಬಸ್ ಪ್ರಯಾಣಿಕರ ಅಂಕಿ ಕೊಟ್ಟು ಅವೆರಡಕ್ಕೂ ಸಂಬಂಧ ಇದೆಯಾ ನೋಡಿ ಎಂದಿದ್ದರು. ಗ್ರಾಫ್ ಹಾಕಿ, ಲೆಕ್ಕ ಮಾಡಿ ಕಳಿಸಿದೆ. ವಾಪಸ್ ಬಂದಾಗ ಪಕ್ಕದಲ್ಲಿ ಬರೆದಿತ್ತು: "ಲೆಕ್ಕ ಪೂರ್ತಿ ಸರಿ. ಈಗ ಆ ಬಸ್ ಕಂಪನಿಯ ಮ್ಯಾನೇಜರ್ ನಿಮ್ಮೆದುರು ಕೂತಿದ್ದಾರೆ ಅಂದುಕೊಳ್ಳಿ. ಅವರಿಗೆ ಎರಡು ವಾಕ್ಯದಲ್ಲಿ ಹೇಳಿ." ಕೊನೆಯಲ್ಲಿ ಅರ್ಧ ಪುಟದ ಪತ್ರ. ಎಲ್ಲಿ ಚೆನ್ನಾಗಿದೆ, ಮುಂದಿನ ಅಸೈನ್‌ಮೆಂಟಿಗೆ ಏನು ಓದಿಕೊಳ್ಳಬೇಕು ಅಂತ. ಕಾಲೇಜಿನಲ್ಲಿ ಎದುರಿಗೇ ಕೂತು ಬಿ.ಕಾಂ. ಓದಿದಾಗಲೂ ನನ್ನ ಬರಹವನ್ನು ಹೀಗೆ ಯಾರೂ ಓದಿರಲಿಲ್ಲ. ನಮ್ಮ ಗುಂಪಿನಲ್ಲಿ ಲಾರಿ ಓಡಿಸುವವರು ಒಬ್ಬರಿದ್ದಾರೆ. ಮೋಟಾರ್‌ವೇ ಪಕ್ಕ ಲಾರಿ ನಿಲ್ಲಿಸಿ ಸಂಜೆಯ ಆನ್‌ಲೈನ್ ಕ್ಲಾಸಿಗೆ ಬರುತ್ತಾರೆ. ಟ್ಯೂಟರ್‌ಗೆ ಅವರ ಡ್ಯೂಟಿಯ ಸಮಯವೂ ಗೊತ್ತು.

ದೂರಶಿಕ್ಷಣವನ್ನು ದೊಡ್ಡದು ಮಾಡುವುದು ಅಂದರೆ ವಿಡಿಯೋ ಜಾಸ್ತಿ ಹಾಕುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಒಂದು ವಿಡಿಯೋವನ್ನು ಸಾವಿರ ಜನ ನೋಡಿದರೂ ಒಂದೇ, ಲಕ್ಷ ಜನ ನೋಡಿದರೂ ಒಂದೇ. ಖರ್ಚು ಏರುವುದಿಲ್ಲ. ಟ್ಯೂಟರ್ ಹಾಗಲ್ಲ. ಇನ್ನೊಂದು 20 ಜನ ಸೇರಿದರೆ ಇನ್ನೊಬ್ಬರು ಬೇಕು, ಅವರಿಗೆ ಸಂಬಳ ಬೇಕು. ಹಣ ಉಳಿಸಬೇಕು ಅಂದಾಗ ಎಲ್ಲರ ಕಣ್ಣೂ ಮೊದಲು ಬೀಳುವುದು ಅಲ್ಲೇ. ಅಲ್ಲಿ ಕತ್ತರಿ ಹಾಕಬೇಡಿ ಅಂತ ನಾನು ಕೈ ಮುಗಿದು ಕೇಳುತ್ತೇನೆ. ಒಬ್ಬರೇ ಕೂತು ಓದುವವರು ನಡುವೆ ಬಿಟ್ಟುಬಿಡುವುದು ಎಲ್ಲ ಕಡೆ ಜಾಸ್ತಿ. ಅವರನ್ನು ಹಿಡಿದು ನಿಲ್ಲಿಸುವುದು ಇನ್ನೊಂದು ತುದಿಯಲ್ಲಿರುವ ಆ ಒಬ್ಬ ಮನುಷ್ಯ.

ನಮ್ಮಲ್ಲಿ ಇದು ಹೊಸದೇನಲ್ಲ, ಅಲ್ವಾ? ಇಲ್ಲಿ ಸನ್ನದು ಸಿಕ್ಕ 1969ರಲ್ಲೇ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿತ್ತು. 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ನಮ್ಮ ಮಾವನವರು ಬ್ಯಾಂಕಿನ ಕೆಲಸದಲ್ಲಿದ್ದುಕೊಂಡೇ ಎಂ.ಎ. ಕಟ್ಟಿದ್ದು ಹಾಗೆ. ಅವರ ಸಿದ್ಧಪಾಠಗಳ ಕಟ್ಟು ಇನ್ನೂ ಅಟ್ಟದ ಮೇಲಿದೆ. ಎಷ್ಟು ಗುಮಾಸ್ತರು, ಪೊಲೀಸರು, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳು ಅದರಿಂದ ಡಿಗ್ರಿ ಪಡೆದಿಲ್ಲ! ಆಮೇಲೆ ರಾಜ್ಯದ ಗಡಿ ದಾಟಿ, ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸುಗಳು ಹಬ್ಬಿದವು. 2015ರಲ್ಲಿ ಯೂನಿವರ್ಸಿಟಿಗಳ ಮೇಲೆ ಕಣ್ಣಿಡುವ ಯುಜಿಸಿ, ಮುಕ್ತ ವಿಶ್ವವಿದ್ಯಾನಿಲಯಕ್ಕೆ ಮಾನ್ಯತೆ ಇಲ್ಲ ಎಂದಿತು. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು. ನಡುವೆ ಸಿಕ್ಕಿಬಿದ್ದ ವಿದ್ಯಾರ್ಥಿಗಳ ಪಾಡನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಅವರು ಮಾಡಿದ ತಪ್ಪಾದರೂ ಏನು?

ಇಲ್ಲೂ ಎಲ್ಲ ಸರಿಯಿದೆ ಅಂತಲ್ಲ. 2012ರಲ್ಲಿ ಇಂಗ್ಲೆಂಡಿನಲ್ಲಿ ಫೀಸು ಏರಿದ ಮೇಲೆ ಕೆಲಸ ಮಾಡುತ್ತಾ ಓದುವವರ ಸಂಖ್ಯೆ ತುಂಬಾ ಇಳಿಯಿತು. ಸಾಲ ಸಿಗುತ್ತದೆ, ನಿಜ. ಆದರೆ ಮನೆ ಸಾಲದ ಜೊತೆ ಓದಿನ ಸಾಲ ಅಂದರೆ 40 ದಾಟಿದವರು ಹೆದರುತ್ತಾರೆ.

ತಂಗಿಯ ಮಗಳಿಗೆ ಸೇರು ಎಂದೇ ಹೇಳಿದೆ. ಆದರೆ ಫೀಸು ಕಟ್ಟುವ ಮೊದಲು ಯುಜಿಸಿ ಪಟ್ಟಿಯಲ್ಲಿ ಆ ಕೋರ್ಸು ಈ ವರ್ಷಕ್ಕೆ ಇದೆಯಾ ನೋಡು. ಆಮೇಲೆ ಫೋನ್ ಮಾಡಿ ಕೇಳು: ನನ್ನ ಅಸೈನ್‌ಮೆಂಟ್ ಓದುವವರು ಯಾರು? ಎಷ್ಟು ದಿನದಲ್ಲಿ ವಾಪಸ್ ಬರುತ್ತದೆ? ಬರೀ ಮಾರ್ಕ್ಸ್ ಹಾಕುತ್ತಾರಾ, ಏನಾದರೂ ಬರೆಯುತ್ತಾರಾ? ಸೇರುವ ಮೊದಲು ಕೈಯಾಡಿಸಿ ನೋಡಬೇಕು ಅನ್ನುವವರಿಗೆ ಓಪನ್ ಯೂನಿವರ್ಸಿಟಿಯ ಓಪನ್‌ಲರ್ನ್ ವೆಬ್‌ಸೈಟ್ ಇದೆ. 2006ರಿಂದ ದುಡ್ಡಿಲ್ಲದೆ ಯಾರು ಬೇಕಾದರೂ ಓದಬಹುದು. ಶಾಲೆಯ ಮೇಷ್ಟ್ರು, ಮೇಡಂಗಳಿಗೆ ಅದೇ ಯೂನಿವರ್ಸಿಟಿ ಟೆಸ್-ಇಂಡಿಯಾ ಅಂತ ಪಾಠ ಮಾಡುವ ವಿಧಾನಗಳ ಸಾಮಗ್ರಿ ಮಾಡಿದೆ. ಕರ್ನಾಟಕಕ್ಕೆ ಅಂತಲೇ ಕನ್ನಡದಲ್ಲೂ ಇದೆ, ಹುಡುಕಿ ನೋಡಿ.